ರಾತ್ರಿ ಎರಡರಿಂದ ಬೆಳಿಗ್ಗೆ ಎಂಟು

2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾವನ್ ಬ್ರಾಡ್‌ಬ್ಯಾಂಡ್ ಬಂತು. ಅದರಲ್ಲಿ ನಮ್ಮಂಥವರ ಕಣ್ಣು ಬಿದ್ದದ್ದು ಒಂದೇ ಪ್ಲಾನಿನ ಮೇಲೆ. ಹಗಲಿನಲ್ಲಿ ಒಂದೊಂದು ಎಂಬಿಗೂ ಲೆಕ್ಕ, ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಾತ್ರ ಎಷ್ಟು ಇಳಿಸಿಕೊಂಡರೂ ಕೇಳುವವರಿಲ್ಲ. ವೇಗ ಸೆಕೆಂಡಿಗೆ 256 ಕಿಲೋಬಿಟ್. ಆರು ಗಂಟೆ ಎಡೆಬಿಡದೆ ಇಳಿದರೆ 690 ಎಂಬಿಯ ಆಸುಪಾಸು, ಅಂದರೆ ಒಂದು ಸಿ.ಡಿ.ಗೆ ಸರಿಹೋಗುವಷ್ಟು. ಈ ಲೆಕ್ಕ ಹಾಕಿದವನು ನಮ್ಮ ಗದಗಿನವನು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುಣಿಸಿ, "ದಿನಾ ಒಂದ್ ಸಿ.ಡಿ. ಇಳಿದ್ರ ಎರಡ್ ವಾರದಾಗ ಇಡೀ ಡೆಬಿಯನ್ ಮನೀಗೆ ಬರ್ತೈತಿ ನೋಡ್ರಲೇ" ಎಂದು ಸಾರಿದ. ಡೆಬಿಯನ್ ಎಂದರೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಒಂದು ರೂಪ. 2005ರ ಜೂನ್‌ನಲ್ಲಿ ಬಿಡುಗಡೆಯಾಗಿದ್ದ ಅದರ 'ಸಾರ್ಜ್' ಆವೃತ್ತಿ ಹತ್ತಕ್ಕೂ ಹೆಚ್ಚು ಸಿ.ಡಿ.ಗಳ ಕಟ್ಟು. ಅಷ್ಟನ್ನೂ ಇಳಿಸುವ ಅಗತ್ಯ ಯಾರಿಗೂ ಇರಲಿಲ್ಲ. ಆದರೂ ಇಳಿಸಿದೆವು.

ಆಗ ನಾವು ನಾಲ್ವರು ಬೆಂಗಳೂರಿನ ಹನುಮಂತನಗರದಲ್ಲಿ ಒಂದು ಮಹಡಿ ಮನೆ ಹಿಡಿದಿದ್ದೆವು. ಗದಗಿನವನೊಬ್ಬ, ಸಾಗರದವನೊಬ್ಬ, ಮಂಡ್ಯದವನೊಬ್ಬ, ತಿಪಟೂರಿನ ನಾನು. ಮೂವರಿಗೆ ಕೆಲಸ ಸಿಕ್ಕಿತ್ತು, ಸಾಗರದವನು ಇನ್ನೂ ಹುಡುಕುತ್ತಿದ್ದ. ಕಂಪ್ಯೂಟರ್ ನಾಲ್ವರಿಗೂ ಸೇರಿ ಒಂದೇ. ಟೌನ್‌ಹಾಲ್ ಹತ್ತಿರ ಬಸ್ಸಿಳಿದು ನಡೆದುಹೋಗಿ, ಎಸ್.ಪಿ. ರೋಡಿನ, ಅಂದರೆ ಸಾದರ ಪತ್ರಪ್ಪ ರಸ್ತೆಯ, ಅಂಗಡಿಗಳ ಕಿರಿದಾದ ಮೆಟ್ಟಿಲು ಹತ್ತಿ ಇಳಿದು, ಒಂದಂಗಡಿಯಲ್ಲಿ ಮದರ್‌ಬೋರ್ಡು, ಇನ್ನೊಂದರಲ್ಲಿ ರ‍್ಯಾಮು, ಮತ್ತೊಂದರಲ್ಲಿ ಕ್ಯಾಬಿನೆಟ್ಟು ಎಂದು ಚೌಕಾಸಿ ಮಾಡಿ ತಂದು ಜೋಡಿಸಿದ್ದು. ಸೆಲೆರಾನ್ ಪ್ರೊಸೆಸರ್, 40 ಜಿಬಿ ಹಾರ್ಡ್‌ಡಿಸ್ಕ್, ಹದಿನೈದು ಇಂಚಿನ ಡಬ್ಬಾ ಮಾನಿಟರ್. ಕ್ಯಾಬಿನೆಟ್ಟಿನ ಪಕ್ಕದ ತಗಡಿಗೆ ನಾವು ಸ್ಕ್ರೂ ಹಾಕಿದ್ದೇ ಇಲ್ಲ. ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಅದನ್ನು ತೆಗೆದು ರ‍್ಯಾಮ್ ಕಡ್ಡಿಯನ್ನು ಎರೇಸರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದರು. ಆ ಕಂಪ್ಯೂಟರಿನ ಒಳಗೆ ಏನೇನಿದೆ, ಯಾವುದು ಯಾವ ಅಂಗಡಿಯದು, ಯಾವುದರ ವಾರಂಟಿ ಎಂದಿಗೆ ಮುಗಿಯುತ್ತದೆ ಎಂಬುದು ನಾಲ್ವರಿಗೂ ಬಾಯಿಪಾಠ.

ಪಾಳಿ ಮಾಡಿಕೊಂಡಿದ್ದೆವು. ಪಾಳಿ ಇದ್ದವನು ಎರಡಕ್ಕೆ ಅಲಾರಂ ಇಟ್ಟು ಎದ್ದು ಮೋಡೆಮ್ ಹಾಕಬೇಕು, ಕಪ್ಪು ಪರದೆಯಲ್ಲಿ ಆದೇಶ ಟೈಪಿಸಬೇಕು, ಎಂಟರೊಳಗೆ ಆರಿಸಬೇಕು. ಕರೆಂಟು ಹೋದರೆ ಅರ್ಧಕ್ಕೆ ನಿಂತಿದ್ದನ್ನು ಅಲ್ಲಿಂದಲೇ ಮುಂದುವರಿಸುವ 'ಡಬ್ಲ್ಯುಗೆಟ್' ಎಂಬ ಪುಟ್ಟ ತಂತ್ರಾಂಶ ನಮ್ಮ ಪಾಲಿಗೆ ದೊಡ್ಡ ಆಪ್ತ. ಕೆಳಗಿನ ಮನೆಯ ಓನರ್ ಅಮ್ಮನಿಗೆ ನಿದ್ದೆ ಕಡಿಮೆ. ಒಂದು ದಿನ ನೀರು ಬಿಡಲು ಬಂದವರು ಕೇಳಿದರು: "ಏನ್ರಪ್ಪಾ, ರಾತ್ರಿ ಎರಡು ಗಂಟೆಗೆ ದೀಪ ಹಾಕ್ಕೊಂಡು ಏನು ಓದ್ತೀರ?" ಮಂಡ್ಯದವನು "ಅಪ್‌ಡೇಟು ಅಮ್ಮಾ" ಅಂದ. ಅವರು ಯಾವುದೋ ಪರೀಕ್ಷೆ ಅಂದುಕೊಂಡಿರಬೇಕು, "ಒಳ್ಳೇದಾಗ್ಲಿ" ಎಂದು ಹೋದರು.

ಅಪ್‌ಡೇಟ್ ಎಂದರೆ ಆಗ ನಾವಾಗಿ ಕರೆದು ತರುತ್ತಿದ್ದ ಅತಿಥಿ. 'ಆಪ್ಟ್-ಗೆಟ್ ಡಿಸ್ಟ್-ಅಪ್‌ಗ್ರೇಡ್' ಎಂದು ಹೊಡೆದರೆ ಅದು ಮೊದಲು ಪಟ್ಟಿ ಕೊಡುತ್ತಿತ್ತು: ಇಷ್ಟು ಪ್ಯಾಕೇಜು ಬದಲಾಗುತ್ತವೆ, ಇಷ್ಟು ಹೊಸದಾಗಿ ಬರುತ್ತವೆ, ಇಷ್ಟನ್ನು ತೆಗೆಯುತ್ತೇನೆ, ಇಷ್ಟು ಎಂಬಿ ಇಳಿಸಬೇಕು, ಮುಂದುವರಿಯಲೇ? ಕೊನೆಯ ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಿದ್ದೆವು. ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾಗುವುದಿದ್ದರೆ ಶನಿವಾರದವರೆಗೆ ತಡೆ. ಪರದೆಯ ಚಿತ್ರ ಮೂಡಿಸುವ ಎಕ್ಸ್ ಸರ್ವರ್ ಬದಲಾಗುವುದಿದ್ದರೆ ಇನ್ನೂ ಎಚ್ಚರ, ಯಾಕೆಂದರೆ ಅದು ಕೈಕೊಟ್ಟರೆ ಮುಂದೆ ಬರೀ ಕಪ್ಪು ಪರದೆ, ಮೂಲೆಯಲ್ಲಿ ಮಿನುಗುವ ಕರ್ಸರ್. ಕೈಕೊಟ್ಟದ್ದೂ ಉಂಟು. ಆಗ ಸಾಗರದವನು ದೋಷದ ಸಾಲನ್ನು ಅಕ್ಷರ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಶ್ರಮ ಸರ್ಕಲ್ಲಿನ ಸೈಬರ್ ಕೆಫೆಗೆ ಓಡುತ್ತಿದ್ದ. ಅಲ್ಲಿ ಹುಡುಕಿ, ಉತ್ತರವನ್ನೂ ಅದೇ ಪುಟದ ಹಿಂದೆ ಬರೆದುಕೊಂಡು ಬರುತ್ತಿದ್ದ. ಮಾನಿಟರಿನ ಜೊತೆ ಬಂದ ಪುಸ್ತಿಕೆಯ ಕೊನೇ ಪುಟದಲ್ಲಿದ್ದ ಅಡ್ಡ, ಲಂಬ ಆವರ್ತನದ ಸಂಖ್ಯೆಗಳನ್ನು ಒಬ್ಬ ಓದುವುದು, ಒಬ್ಬ ಫೈಲಿನಲ್ಲಿ ತುಂಬುವುದು, ಇನ್ನಿಬ್ಬರು ಹಿಂದೆ ನಿಂತು ಸಾಲುಗಳನ್ನು ಎಣಿಸುವುದು. ಚಿತ್ರ ಮೂಡಿದಾಗ ನಾಲ್ವರೂ ಒಟ್ಟಿಗೆ ಕೂಗುತ್ತಿದ್ದೆವು.

ಈ ಹುಚ್ಚು ಹಚ್ಚಿದವರು ಯಾರೆಂದರೆ ಒಬ್ಬರ ಹೆಸರು ಹೇಳಲಾಗದು. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ 2003ರ ರೆಡ್‌ಹ್ಯಾಟ್ 9 ಇತ್ತು, ಮೂರು ಸಿ.ಡಿ.ಗಳದ್ದು. ಅದಕ್ಕೂ ಮೊದಲು 'ಪಿಸಿ ಕ್ವೆಸ್ಟ್' ಪತ್ರಿಕೆಯವರು ಲಿನಕ್ಸ್ ಸಿ.ಡಿ. ಹಂಚುತ್ತಿದ್ದರು. ಇಂಟರ್ನೆಟ್ಟೇ ಇಲ್ಲದ ಊರಿನ ಹುಡುಗರಿಗೆ ಲಿನಕ್ಸ್ ತಲುಪಿದ್ದು ಹೆಚ್ಚಾಗಿ ಆ ದಾರಿಯಿಂದ. 2003ರಲ್ಲಿ 'ಲಿನಕ್ಸ್ ಫಾರ್ ಯು' ಎಂಬ ಪತ್ರಿಕೆಯೇ ಶುರುವಾಯಿತು. ಆಮೇಲೆ ಬಂದದ್ದು ಉಬುಂಟು. 2004ರ ಅಕ್ಟೋಬರ್‌ನಲ್ಲಿ ಅದರ ಮೊದಲ ಆವೃತ್ತಿ ಬಂತು. ವಿಳಾಸ ಕೊಟ್ಟರೆ ಸಾಕು, 'ಶಿಪ್‌ಇಟ್' ಯೋಜನೆಯಲ್ಲಿ ಸಿ.ಡಿ.ಗಳನ್ನು ಅಂಚೆಯಲ್ಲಿ ಪುಕ್ಕಟೆಯಾಗಿ ಮನೆಗೇ ಕಳಿಸುತ್ತಿದ್ದರು, ಅಂಚೆವೆಚ್ಚವೂ ಅವರದೇ. ವಾರಗಟ್ಟಲೆ ಕಾದ ಮೇಲೆ ವಿದೇಶಿ ಮುದ್ರೆಯ ದಪ್ಪ ಲಕೋಟೆ ಬರುತ್ತಿತ್ತು. ಒಂದು ನಮಗೆ, ಉಳಿದವು ಹಂಚಲು. ತಿಪಟೂರಿಗೆ ಹೋಗುವಾಗ ನಾನು ನಾಲ್ಕಾರು ಸಿ.ಡಿ. ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆ. 2011ರಲ್ಲಿ ಆ ಯೋಜನೆ ನಿಂತಿತು. ಅಷ್ಟೊತ್ತಿಗೆ ಸಿ.ಡಿ.ಯ ಕಾಲವೂ ಮುಗಿಯುತ್ತ ಬಂದಿತ್ತು, ಆದರೂ ಆ ಸುದ್ದಿ ಓದಿದ ದಿನ ನಾಲ್ವರಿಗೂ ಬೇಸರವಾಗಿ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು.

ಓನರ್ ಅಮ್ಮನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮುಕ್ತ ತಂತ್ರಾಂಶ ಏನು ಎಂಬುದು ನನಗೆ ನಿಜವಾಗಿ ತಿಳಿದದ್ದು ಅವರಿಂದ. ಅವರದೊಂದು ಭಜನಾ ಮಂಡಳಿ ಇತ್ತು. ನವರಾತ್ರಿಗೆ ದೇವಿಯ ಹಾಡುಗಳ ಪುಸ್ತಿಕೆ ಮಾಡಿಸಬೇಕು, ಹಳೆಯ ಕೈಬರಹದ ನೋಟ್‌ಬುಕ್ಕು ಹರಿದುಹೋಗುತ್ತಿದೆ. "ನಿಮ್ಮ ಕಂಪ್ಯೂಟರಲ್ಲಿ ಕನ್ನಡ ಬರುತ್ತೇನ್ರಪ್ಪಾ?" ಎಂದು ಮಹಡಿ ಹತ್ತಿ ಬಂದರು. ಬರುತ್ತದೆ ಎಂದೆವು. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಆಗಿನ ಕನ್ನಡದ ಸ್ಥಿತಿ ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದು ಕಷ್ಟ. ಡಿಟಿಪಿ ಅಂಗಡಿಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ. ಮನೆಗಳಲ್ಲಿ, ಹೊರದೇಶದ ಕನ್ನಡಿಗರಲ್ಲಿ ಬರಹ. ಎರಡರಿಂದಲೂ ಕನ್ನಡಕ್ಕೆ ಆದ ಉಪಕಾರ ಸಣ್ಣದಲ್ಲ. ಆದರೆ ಆ ಕಾಲದ ಕಡತಗಳಲ್ಲಿ ಕನ್ನಡ ಅಕ್ಷರಗಳು ಕೂತಿದ್ದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಡ್ಡೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇತ್ತು, ನಮ್ಮ ಲಿನಕ್ಸ್‌ನಲ್ಲಿ ಯುನಿಕೋಡ್ ನಡೆಯುತ್ತಿತ್ತು, ಕೇದಗೆ, ಮಲ್ಲಿಗೆ ಎಂಬ ಫಾಂಟುಗಳಿದ್ದವು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೂ ಹಾಕಿಕೊಂಡಿದ್ದೆವು. ಒತ್ತಕ್ಷರಗಳು ಮಾತ್ರ ಅವುಗಳ ಮನಸ್ಸಿಗೆ ಬಂದಂತೆ ಕೂರುತ್ತಿದ್ದವು.

ಸಾಗರದವನು ಎರಡು ಸಂಜೆ ಕೂತು ಹಾಡುಗಳನ್ನು ಓಪನ್ ಆಫೀಸಿನಲ್ಲಿ ಟೈಪಿಸಿದ. ಅಮ್ಮ ಕನ್ನಡಕ ಹಾಕಿಕೊಂಡು ಪ್ರಿಂಟ್ ತೆಗೆದ ಮೊದಲ ಪುಟ ನೋಡಿದರು. 'ದುರ್ಗಾ' ಎಂಬಲ್ಲಿ ಅರ್ಕಾವತ್ತು ಗಾ ಅಕ್ಷರದ ಬಲಕ್ಕೆ ಹೋಗಿ ಕೂರದೆ, ರ ಅಕ್ಷರ ತಲೆಯ ಮೇಲೆ ಕೊಂಬು ಹೊತ್ತು ಬೇರೆಯಾಗಿ ನಿಂತಿತ್ತು, ಗಾ ಬೇರೆಯಾಗಿ. 'ಪಾರ್ವತಿ'ಗೂ ಅದೇ ಗತಿ. ಅಮ್ಮ ಬೈಯಲಿಲ್ಲ. "ಅಕ್ಷರ ಒಡೆದಿದೆಯಲ್ಲಪ್ಪಾ. ದೇವಿ ಹೆಸರು ಹೀಗಿಟ್ಟು ನಾಲ್ಕು ಜನರ ಕೈಗೆ ಕೊಡೋಕಾಗುತ್ಯೇ?" ಅಂದರು.

ಆ ವರ್ಷದ ಪುಸ್ತಿಕೆಯನ್ನು ಗಾಂಧಿಬಜಾರಿನ ಡಿಟಿಪಿ ಅಂಗಡಿಯಲ್ಲಿ ನುಡಿಯಲ್ಲೇ ಮಾಡಿಸಿದೆವು. ಸಾಗರದವನು ಮಾತ್ರ ಅಲ್ಲಿಗೆ ಬಿಡಲಿಲ್ಲ. ಅದೇ ಪದವನ್ನು ಬೇರೆ ಬೇರೆ ಕಡೆ ತೆರೆದು ನೋಡಿದ. ಗ್ನೋಮ್ ಡೆಸ್ಕ್‌ಟಾಪಿನ ಬರಹ ಸಂಪಾದಕದಲ್ಲಿ ಒಂದು ರೀತಿ, ಕೆಡಿಇ ಡೆಸ್ಕ್‌ಟಾಪಿನ ಬ್ರೌಸರಿನಲ್ಲಿ ಇನ್ನೊಂದು ರೀತಿ, ಓಪನ್ ಆಫೀಸಿನಲ್ಲಿ ಮತ್ತೊಂದು. ಕಾರಣ ಹುಡುಕುತ್ತ ಹೋದರೆ, ಅಕ್ಷರ ಜೋಡಿಸುವ ಕೆಲಸ ಒಂದೊಂದು ಕಡೆ ಒಂದೊಂದು ಲೈಬ್ರರಿಯದು: ಗ್ನೋಮ್‌ಗೆ ಪ್ಯಾಂಗೋ, ಕೆಡಿಇಗೆ ಕ್ಯೂಟಿ, ಓಪನ್ ಆಫೀಸಿಗೆ ಐಸಿಯು. ಒಂದರಲ್ಲಿ ಸರಿಯಾದದ್ದು ಇನ್ನೊಂದಕ್ಕೆ ಹೋಗುವುದಿಲ್ಲ, ಜೊತೆಗೆ ಫಾಂಟಿನೊಳಗಿನ ನಿಯಮಗಳೂ ಸರಿಯಿರಬೇಕು. ಆ ಮೂಲ ಕೋಡನ್ನೆಲ್ಲ ಅವನು ಇಳಿಸಿಕೊಂಡ, ನಮ್ಮ ರಾತ್ರಿಯ ಪಾಳಿಯಲ್ಲೇ. ಕನ್ನಡದ ಅಕ್ಷರ ನಿಯಮ ಬರೆದಿದ್ದ ಕೋಷ್ಟಕವನ್ನು ಕಂಡುಹಿಡಿದು ನಮಗೆ ತೋರಿಸಿದಾಗ ಯಾರಿಗೂ ಮಾತು ಹೊರಡಲಿಲ್ಲ. ನಾವು ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿದ ಕ, ಖ, ಗ ಅಲ್ಲಿ ಸಂಖ್ಯೆಗಳಾಗಿ ಸಾಲಾಗಿ ಕೂತಿದ್ದವು. ಯಾರೋ ದೂರದಲ್ಲಿ ಕೂತವರು, ಕನ್ನಡ ಓದಲು ಬಾರದವರೂ ಇರಬಹುದು, ಅದನ್ನು ಶ್ರದ್ಧೆಯಿಂದ ಬರೆದಿದ್ದರು. ಕೊನೆಯ ಒಂದೆರಡು ಕಡೆ ಅವರಿಗೆ ಗೊತ್ತಾಗಿರಲಿಲ್ಲ, ಅಷ್ಟೇ.

ಸಾಗರದವನು ಆ ಕೋಡ್ ಬರೆದವರಿಗೆ ದೂರು ಬರೆದ. ತಪ್ಪು ರೂಪದ ಚಿತ್ರ, ಪಕ್ಕದಲ್ಲಿ ಸರಿ ರೂಪದ ಚಿತ್ರ. ಸರಿ ರೂಪಕ್ಕೆ ಅವನು ಸ್ಕ್ಯಾನ್ ಮಾಡಿದ್ದು ಅಮ್ಮನ ನೋಟ್‌ಬುಕ್ಕಿನ ಪುಟವನ್ನು, ಮುದ್ದಾದ ದುಂಡಗಿನ ಅಕ್ಷರ. ಪ್ರಶ್ನೆ ಬಂತು, ಉತ್ತರ ಕೊಟ್ಟ. ಇನ್ನೊಂದು ಪ್ರಶ್ನೆ ಬಂತು, ಅದಕ್ಕೂ ಕೊಟ್ಟ. ಯುಗಾದಿ ಕಳೆದು ಎಷ್ಟೋ ದಿನಕ್ಕೆ, ಒಂದು ಬೆಳಗಿನ ಜಾವ ಅಪ್‌ಡೇಟಿನ ಪಟ್ಟಿ ಓದುತ್ತಿದ್ದ ಗದಗಿನವನು ಎಲ್ಲರ ಹೊದಿಕೆ ಎಳೆದು ಎಬ್ಬಿಸಿದ. ಬದಲಾವಣೆಗಳ ವಿವರದಲ್ಲಿ ಒಂದು ಸಾಲು, ಕನ್ನಡದ ಅರ್ಕಾವತ್ತು ಸರಿಪಡಿಸಿದ್ದೇವೆ ಎಂದು. ಹಾಕಿದೆವು, ತೆರೆದೆವು. ದುರ್ಗಾ ಸರಿಯಾಗಿತ್ತು. ಬೆಳಗಾಗುತ್ತಲೇ ಅಮ್ಮನನ್ನು ಕರೆದು ತೋರಿಸಿದೆವು. ಅವರು ಪರದೆಗೆ ಇನ್ನಷ್ಟು ಹತ್ತಿರ ಬಂದು ನೋಡಿ, "ಈಗ ಸರಿಯಾಯ್ತು. ಯಾರಪ್ಪಾ ಮಾಡಿದ್ದು?" ಎಂದರು. ಸಾಗರದವನು ಹೇಳಿದ: "ನೀವೇ ಹೇಳಿದ್ದಲ್ಲದಾ ಅಮ್ಮ."

ಇಂದು ಹಾರ್ಫ್‌ಬಝ್ ಎಂಬ ಒಂದೇ ಲೈಬ್ರರಿ ಆಂಡ್ರಾಯ್ಡ್ ಫೋನಿನಲ್ಲೂ ಫೈರ್‌ಫಾಕ್ಸ್, ಕ್ರೋಮ್‌ನಲ್ಲೂ ಲಿಬ್ರೆ ಆಫೀಸಿನಲ್ಲೂ ಕನ್ನಡದ ಒತ್ತುಗಳನ್ನು ಕೂರಿಸುತ್ತದೆ. ಇರಾನ್ ಮೂಲದ ಬೆಹದಾದ್ ಇಸ್ಫಹಬೋದ್ ಮುಂದೆ ನಿಂತು ಬೆಳೆಸಿದ್ದು. ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ವಾಟ್ಸ್‌ಆ್ಯಪಿನಲ್ಲಿ ದಿನಕ್ಕೆ ನೂರು ಶುಭೋದಯ ಕಳಿಸುವ ನಮ್ಮ ಅತ್ತೆ ಮಾವಂದಿರಿಗೆ ಇದು ಗೊತ್ತಿರಬೇಕಾಗಿಲ್ಲ. ನನಗೆ ಮಾತ್ರ ಫೋನಿನಲ್ಲಿ 'ಕರ್ನಾಟಕ' ಎಂಬ ಪದ ಸರಿಯಾಗಿ ಮೂಡಿದಾಗಲೆಲ್ಲ ಒಂದು ಕೃತಜ್ಞತೆ ಹುಟ್ಟುತ್ತದೆ.

ಆ ಫೋನಿನಲ್ಲೂ ಕನ್ನಡ ಸುಮ್ಮನೆ ಬರಲಿಲ್ಲ. 2010, 11ರ ಹೊತ್ತಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಎಂದರೆ ಸಾಲು ಸಾಲು ಖಾಲಿ ಚೌಕ. ಒಪೆರಾ ಮಿನಿ ಬ್ರೌಸರಿನ ವಿಳಾಸದ ಜಾಗದಲ್ಲಿ 'ಒಪೆರಾ ಕಾನ್‌ಫಿಗ್' ಎಂದು ಟೈಪಿಸಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎಂಬುದಕ್ಕೆ ಹೌದು ಎಂದರೆ, ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಆ ಉಪಾಯವನ್ನು ಕನ್ನಡಿಗರು ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ ಒಬ್ಬರಿಗೊಬ್ಬರು ಹೇಳಿಕೊಟ್ಟಿದ್ದಾರೆ. ಇನ್ನೂ ಧೈರ್ಯ ಇದ್ದವರು ಫೋನನ್ನು ರೂಟ್ ಮಾಡಿ, ಅಂದರೆ ಅದರ ಬೀಗ ತೆಗೆದು, ಒಳಗಿನ ಫಾಂಟ್ ಫೈಲನ್ನೇ ಬದಲಿಸುತ್ತಿದ್ದರು. ಮಂಡ್ಯದವನು ಇದರಲ್ಲಿ ಪಳಗಿದ್ದ. ಭಾನುವಾರ ಅವನ ಮನೆಗೆ ಹೋದರೆ ಮೇಜಿನ ಮೇಲೆ ನೆಂಟರಿಷ್ಟರ ಫೋನುಗಳು ಸಾಲಾಗಿ ಮಲಗಿರುತ್ತಿದ್ದವು, ಪ್ರತಿಯೊಂದರ ಮೇಲೂ ಯಾರದೆಂದು ಚೀಟಿ. ಒತ್ತಕ್ಷರ ಆಗಲೂ ಒಡೆಯುತ್ತಿತ್ತು. ಆದರೆ ಖಾಲಿ ಚೌಕಕ್ಕಿಂತ ಒಡೆದ ಅಕ್ಷರ ಎಷ್ಟೋ ಮೇಲು. ಅವನ ತಂದೆ ಮೊದಲ ಸಲ ಫೋನಿನಲ್ಲಿ ಕನ್ನಡ ಪೇಪರ್ ಓದಿದ್ದು ಹಾಗೆ ಬೀಗ ತೆಗೆದ ಫೋನಿನಲ್ಲಿ.

ಬೀಗದ ಮಾತು ಬಂದಾಗ 2006ರ ಆಗಸ್ಟ್ ನೆನಪಾಗುತ್ತದೆ. ಆ ತಿಂಗಳ 23 ಮತ್ತು 24ರಂದು ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಮುಕ್ತ ತಂತ್ರಾಂಶಗಳಿಗೆ ಬಳಸುವ ಜಿಪಿಎಲ್ ಪರವಾನಗಿಯ ಮೂರನೇ ಆವೃತ್ತಿಯ ಕುರಿತ ನಾಲ್ಕನೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮುಕ್ತ ತಂತ್ರಾಂಶ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್‌ಮನ್ ಬಂದಿದ್ದರು. ರಜೆ ಹಾಕಿ ಹೋದೆವು. ಲಿನಕ್ಸ್ ಬಳಸುವ ಟಿವೋ ಎಂಬ ಅಮೆರಿಕದ ವಿಡಿಯೊ ರೆಕಾರ್ಡರಿನ ಉದಾಹರಣೆ ಅಲ್ಲಿ ಮುಖ್ಯವಾಗಿತ್ತು. ಅದರ ಮೂಲ ಕೋಡನ್ನು ಪರವಾನಗಿಯ ಪ್ರಕಾರ ಎಲ್ಲರಿಗೂ ಕೊಡುತ್ತಾರೆ, ನೀವು ತಿದ್ದಬಹುದು. ಆದರೆ ತಿದ್ದಿದ್ದನ್ನು ಆ ಯಂತ್ರಕ್ಕೆ ಹಾಕಿದರೆ, ಇದು ಕಂಪನಿಯ ಸಹಿ ಇರುವ ಪ್ರತಿಯಲ್ಲ ಎಂದು ಪತ್ತೆಹಚ್ಚಿ ಯಂತ್ರ ನಡೆಯುವುದೇ ಇಲ್ಲ. ಹೊಸ ಪರವಾನಗಿ ಇದನ್ನು ತಡೆಯಬೇಕು ಎಂಬುದು ಸ್ಟಾಲ್‌ಮನ್ ವಾದ. ಲಿನಕ್ಸ್ ಕರ್ನಲ್ ಬರೆದ ಲಿನಸ್ ಟೊರ್ವಾಲ್ಡ್ಸ್ ಇದಕ್ಕೆ ಒಪ್ಪಿರಲಿಲ್ಲ. ಯಂತ್ರ ಮಾಡುವವನು ಯಂತ್ರವನ್ನು ಹೇಗೆ ಮಾಡಬೇಕು ಎಂದು ತಂತ್ರಾಂಶದ ಪರವಾನಗಿ ಹೇಳಬಾರದು ಎಂಬುದು ಅವರ ನಿಲುವು.

365ನೇ ನಂಬರ್ ಬಸ್ಸಿನಲ್ಲಿ ವಾಪಸು ಬರುವಾಗ ನಾಲ್ವರಲ್ಲಿ ಜಗಳವೇ ಆಯಿತು. ಮಂಡ್ಯದವನೂ ನಾನೂ ಲಿನಸ್ ಕಡೆ. ಟಿವಿಗೆ ಜೋಡಿಸುವ ಡಬ್ಬಿಯನ್ನು ಯಾರು ತಿದ್ದುತ್ತಾರೆ, ಅದಕ್ಕೆ ಇಷ್ಟು ಗಲಾಟೆ ಏಕೆ ಎಂದು ನಾನೇ ಕೇಳಿದೆ. ಗದಗಿನವನು ಕಂಬಿ ಹಿಡಿದು ನಿಂತೇ ಹೇಳಿದ: "ಇವತ್ತ ಡಬ್ಬಿ. ನಾಳೆ ನಿನ್ ಫೋನು. ನಾಡದು ಹೊಲದಾಗಿನ ಪಂಪ್‌ಸೆಟ್ಟು. ಕೆಟ್ರ ಬಿಚ್ಚಾಕ ಅವನ್ನ ಕೇಳಬೇಕು." 2007ರ ಜೂನ್ 29ರಂದು ಜಿಪಿಎಲ್ ಮೂರು ಹೊರಬಂತು. ಲಿನಕ್ಸ್ ಕರ್ನಲ್ ಎರಡರಲ್ಲೇ ಉಳಿಯಿತು. ಇಂದು ನನ್ನ ಮನೆಯ ಟಿವಿ, ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್, ಫೋನು ಎಲ್ಲದರಲ್ಲೂ ಲಿನಕ್ಸ್ ಇದೆ. ನಾವು ಕನಸು ಕಂಡದ್ದಕ್ಕಿಂತ ಹೆಚ್ಚು ಇದೆ. ಒಂದನ್ನೂ ನಾನು ತಿದ್ದಲಾರೆ. ಗದಗಿನವನ ಮಾತೇ ನಿಜವಾಯಿತು.

ಇದಕ್ಕೆ ವಿರುದ್ಧವಾದ ಒಂದು ಪ್ರಯತ್ನ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 2001ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಪ್ರಾಧ್ಯಾಪಕರು ಮತ್ತು ಎನ್ಕೋರ್ ಸಂಸ್ಥೆಯವರು ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದರು. ಒಳಗೆ ಲಿನಕ್ಸ್. ತಂತ್ರಾಂಶ ಮಾತ್ರವಲ್ಲ, ಯಂತ್ರದ ವಿನ್ಯಾಸಕ್ಕೂ ಒಂದು ಸಾರ್ವಜನಿಕ ಪರವಾನಗಿ ಬರೆದಿದ್ದರು. ಓದು ಬಾರದವರಿಗೂ ಉಪಯೋಗವಾಗಲಿ ಎಂದು ಭಾರತೀಯ ಭಾಷೆಗಳನ್ನು ಗಟ್ಟಿಯಾಗಿ ಓದುವ ವ್ಯವಸ್ಥೆಯನ್ನೂ ಯೋಚಿಸಿದ್ದರು. 2004ರಲ್ಲಿ ಬಿಇಎಲ್ ಜೊತೆಗೂಡಿ 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಅಲ್ಲಾಡಿಸಿದರೆ ಗುರುತಿಸುವ ಸಂವೇದಕ ಅದರಲ್ಲಿ ಆಗಲೇ ಇತ್ತು. ವ್ಯಾಪಾರ ಗೆಲ್ಲಲಿಲ್ಲ. ಆದರೆ ಹೀಗೊಂದು ಫೋನಿನ ಪೂರ್ವಜ ಬೆಂಗಳೂರಿನಲ್ಲಿ ಹುಟ್ಟಿತ್ತು, ಅದರ ಹೊಟ್ಟೆ ಎಲ್ಲರಿಗೂ ತೆರೆದಿತ್ತು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಆ ದಿನಗಳ ದೊಡ್ಡ ಹಬ್ಬವೆಂದರೆ ವರ್ಷಾಂತ್ಯದ ಸಮಾವೇಶ. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂದು ಶುರುವಾದದ್ದು 2005ರಿಂದ 'ಫಾಸ್ ಡಾಟ್ ಇನ್' ಆಯಿತು. ಅದರ ಹಿಂದಿನ ಶಕ್ತಿ ಅತುಲ್ ಚಿಟ್ನಿಸ್, ಪಿಸಿ ಕ್ವೆಸ್ಟ್ ಸಿ.ಡಿ.ಗಳ ಹಿಂದೆಯೂ ಅವರೇ ಇದ್ದವರು. ದೇಶದೆಲ್ಲೆಡೆಯ ಹುಡುಗರು ರಿಸರ್ವೇಷನ್ ಇಲ್ಲದ ಬೋಗಿಯಲ್ಲಿ ಬರುತ್ತಿದ್ದರು. ಯಾವ ಪ್ಯಾಕೇಜಿನ ಹೆಸರು ನಾವು ರಾತ್ರಿ ಎರಡಕ್ಕೆ ಪರದೆಯ ಮೇಲೆ ಓದುತ್ತಿದ್ದೆವೋ ಅದನ್ನು ಬರೆದವರು ಇಲ್ಲಿ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದರು. ನಮ್ಮ ಮನೆಯಲ್ಲಿ ಆ ಮೂರು ನಾಲ್ಕು ದಿನ ಚಾಪೆ ಹಾಸಲು ಜಾಗವಿರುತ್ತಿರಲಿಲ್ಲ. 2012ರದ್ದು ಕೊನೆಯ ಸಮಾವೇಶ. 2013ರ ಜೂನ್‌ನಲ್ಲಿ ಚಿಟ್ನಿಸ್ ತೀರಿಕೊಂಡರು.

ಎಲ್ಲವೂ ಚೆನ್ನಾಗಿತ್ತು ಎಂದು ಹೇಳಿದರೆ ಆ ಕಾಲಕ್ಕೆ ಅನ್ಯಾಯ. ಹೊಸಬರು ಪ್ರಶ್ನೆ ಕೇಳಿದರೆ, ಮೊದಲು ಕೈಪಿಡಿ ಓದು ಹೋಗು ಎಂದು ಗದರುವ ದೊಡ್ಡವರಿದ್ದರು. ಹೆಣ್ಣುಮಕ್ಕಳು ಬಂದರೆ ಯಾರ ತಂಗಿ ಎಂದು ಕೇಳುವವರಿದ್ದರು. ಗ್ನೋಮೋ ಕೆಡಿಇಯೋ, ವಿಐಯೋ ಈಮ್ಯಾಕ್ಸೋ ಎಂದು ಸ್ನೇಹ ಕೆಡಿಸಿಕೊಂಡವರನ್ನು ಕಂಡಿದ್ದೇನೆ. 2011ರಲ್ಲಿ ಗ್ನೋಮ್ ಮೂರು, ಉಬುಂಟುವಿನ ಯೂನಿಟಿ ಬಂದಾಗ, ಜನ ವರ್ಷಗಟ್ಟಲೆ ರೂಢಿಸಿಕೊಂಡಿದ್ದ ಮೆನುಗಳನ್ನು ಒಂದೇ ಏಟಿಗೆ ಬದಲಿಸಿ, ನಿಮಗೆ ಅರ್ಥವಾಗುತ್ತಿಲ್ಲ ಎಂದು ಬಳಕೆದಾರರಿಗೇ ಹೇಳಿದರು. ಆ ಅಹಂಕಾರ ಬೀಗ ಹಾಕುವವರ ಅಹಂಕಾರದಷ್ಟೇ ನೋವು ಕೊಡುತ್ತದೆ. ಒಂದು ವ್ಯತ್ಯಾಸ ಮಾತ್ರ ಇತ್ತು. ಹಳೆಯ ಗ್ನೋಮ್ ಬೇಕು ಎಂದವರು ಅದೇ ಕೋಡ್ ಎತ್ತಿಕೊಂಡು 'ಮಾಟೆ' ಎಂದು ಹೆಸರಿಟ್ಟು ನಡೆಸಿದರು, ಇಂದಿಗೂ ನಡೆಸುತ್ತಿದ್ದಾರೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದೇ ಇದೆ.

ಗುರಪ್ಪನಪಾಳ್ಯದ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರವನ್ನೂ ಮರೆಯಲಾರೆ. ಕೊಳೆಗೇರಿಯ ಮಕ್ಕಳಿಗಾಗಿ, ಬೇರೆಯವರು ಬೇಡವೆಂದ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಮುಕ್ತ ತಂತ್ರಾಂಶದ ಸ್ವಯಂಸೇವಕರು ನಡೆಸುತ್ತಿದ್ದರು. ಅಲ್ಲಿನ ಮಕ್ಕಳು ಜಿಂಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದ ಚಿತ್ರಗಳನ್ನು ನೋಡಿದವರಿಗೆ ಹಳೆಯ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ.

ಈಗಿನ ನನ್ನ ದಿನಚರಿಯಲ್ಲಿ ಅಪ್‌ಡೇಟುಗಳಿಗೆ ಕೊರತೆಯಿಲ್ಲ. ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಮೀಟಿಂಗಿನ ಮಧ್ಯೆ ರೀಸ್ಟಾರ್ಟ್‌ಗೆ ಹತ್ತು ನಿಮಿಷ ಗಡುವು ಕೊಡುತ್ತದೆ. ಪರದೆಯ ಹಿನ್ನೆಲೆ ಚಿತ್ರ ಬದಲಿಸುವುದಕ್ಕೂ ಅನುಮತಿ ಇಲ್ಲ. ಟಿವಿ ಒಂದು ರಾತ್ರಿ ತಾನಾಗಿ ಹೊಸತಾಯಿತು, ಬೆಳಿಗ್ಗೆ ನೋಡಿದರೆ ಮೊದಲ ಪರದೆಯಲ್ಲಿ ಜಾಹೀರಾತು. ಪ್ರಿಂಟರ್ ಅಂತೂ ಅಪ್‌ಡೇಟ್ ಆದ ಮಾರನೇ ದಿನದಿಂದ ರೀಫಿಲ್ ಮಾಡಿಸಿದ ಕಾರ್ಟ್ರಿಜ್ ಗುರುತಿಸುವುದಿಲ್ಲ ಎನ್ನುತ್ತಿದೆ, ಶಾಯಿ ತುಂಬಿದೆ, ನಿನ್ನೆಯವರೆಗೆ ಅಚ್ಚಾಗುತ್ತಿತ್ತು. ಮುಕ್ತ ತಂತ್ರಾಂಶದ ಚಳವಳಿಗೆ ಪ್ರೇರಣೆಯಾದ ಸಂಗತಿಗಳಲ್ಲಿ ಒಂದು ಪ್ರಿಂಟರೇ ಎಂಬುದು ನೆನಪಾಗಿ ಸಿಟ್ಟು ಇನ್ನೂ ಏರುತ್ತದೆ. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಲೇಸರ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ತಿಳಿಸುವಂತೆ ಹಳೆಯ ಪ್ರಿಂಟರಿಗೆ ಸ್ಟಾಲ್‌ಮನ್ ಮಾಡಿದ್ದ ತಿದ್ದುಪಡಿಯನ್ನು ಹೊಸದಕ್ಕೂ ಮಾಡಲು ಮೂಲ ಕೋಡ್ ಬೇಕಿತ್ತು. ಅದನ್ನು ಹೊಂದಿದ್ದವರು, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದುಬಿಟ್ಟರು. ನಲವತ್ತು ವರ್ಷ ದಾಟಿತು. ನನ್ನ ಮೇಜಿನ ಮೇಲೆ ಅದೇ ಗೋಳು.

ಅಪ್‌ಡೇಟು ಬೇಡ ಎನ್ನುವವನಲ್ಲ ನಾನು. ಭದ್ರತೆಯ ತೂತು ಮುಚ್ಚುವ ಅಪ್‌ಡೇಟು ಮಧ್ಯರಾತ್ರಿ ತಾನಾಗಿ ಬರುವುದರಿಂದ ನನ್ನ ಅಮ್ಮನ ಬ್ಯಾಂಕಿನ ದುಡ್ಡು ಕ್ಷೇಮವಾಗಿದೆ, ಅದು ಒಳ್ಳೆಯದೇ. ಅದೇ ಬ್ಯಾಂಕಿನ ಆ್ಯಪ್ ಬೀಗ ತೆಗೆದ ಫೋನಿನಲ್ಲಿ ತೆರೆಯುವುದಿಲ್ಲ, ಅದಕ್ಕೂ ಅವರ ಕಾರಣಗಳಿವೆ. ನನಗೆ ಕಾಡುವುದು ಬೇರೆ. ಯಂತ್ರ ಕೈಕೊಟ್ಟರೆ ಈಗ ಪಕ್ಕದ ಕೋಣೆಗೆ ಹೋಗುವಂತಿಲ್ಲ, ಯಾಕೆಂದರೆ ಅಲ್ಲಿರುವವನಿಗೂ ಅದೇ ಬೀಗ. ಇಬ್ಬರೂ ಸೇರಿ ಬೈಯಬಹುದು, ಸೇರಿ ಬಿಚ್ಚುವಂತಿಲ್ಲ. ಓನರ್ ಅಮ್ಮನ 'ದುರ್ಗಾ' ಇಂದು ಒಡೆದು ಬಂದಿದ್ದರೆ ಅವರು ದೂರು ಕೊಡುವುದು ಯಾರಿಗೆ? ಒಂದರಿಂದ ಐದು ನಕ್ಷತ್ರಗಳಲ್ಲಿ ಎಷ್ಟು ಎಂದು ಕೇಳುವ ಪೆಟ್ಟಿಗೆಗೆ. ನಾವು ನಾಲ್ವರು ಇಂದಿಗೂ ಆಪ್ತರಾಗಿ ಉಳಿದಿರುವುದು ಒಂದೇ ಊರಿನವರೆಂದಲ್ಲ, ಒಂದೇ ಜಾತಿಯವರೆಂದಲ್ಲ, ಒಂದೇ ಕಂಪ್ಯೂಟರನ್ನು ಸೇರಿ ಕೆಡಿಸಿ ಸೇರಿ ಸರಿಮಾಡಿದವರೆಂದು.

ಓನರ್ ಅಮ್ಮ ಈಗಿಲ್ಲ. ಸಾಗರದವನು ಸ್ವೀಡನ್ನಿನಲ್ಲಿದ್ದಾನೆ. ಮಂಡ್ಯದವನು ಕೆಲಸ ಬಿಟ್ಟು ಊರಲ್ಲಿ ತೆಂಗು ನೋಡಿಕೊಳ್ಳುತ್ತ ಸುತ್ತಲಿನವರ ಸೋಲಾರ್ ಇನ್ವರ್ಟರ್ ರಿಪೇರಿ ಮಾಡಿಕೊಡುತ್ತಾನೆ. ಗದಗಿನವನು ತನ್ನೂರಿನ ಕಡೆ ಒಂದು ಕಾಲೇಜಿನಲ್ಲಿ ಮೇಷ್ಟ್ರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಅವನ ಲ್ಯಾಬಿನ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮಾತು ಬಂತು. ಅವುಗಳ ಪ್ರೊಸೆಸರ್ ಹಳೆಯದು, ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಅವುಗಳಲ್ಲಿಲ್ಲ. ರ‍್ಯಾಮ್, ಡಿಸ್ಕ್, ಕೀಬೋರ್ಡ್ ಎಲ್ಲ ಗಟ್ಟಿಮುಟ್ಟು. ಅವನು ಪ್ರಿನ್ಸಿಪಾಲರ ಮುಂದೆ ಕೂತು ಒಂದು ರಜೆಯಷ್ಟು ಗಡುವು ಗಿಟ್ಟಿಸಿಕೊಂಡಿದ್ದಾನೆ, ಅಷ್ಟರಲ್ಲಿ ಎಲ್ಲವನ್ನೂ ನಡೆಯುವಂತೆ ಮಾಡಿ ತೋರಿಸಬೇಕು.

ಹೋಗುತ್ತಿದ್ದೇವೆ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ನನ್ನ ಟಿಕೆಟ್ ಆಗಿದೆ, ಮಂಡ್ಯದವನೂ ಅದೇ ಬೋಗಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ನ್ನು ಪೆನ್‌ಡ್ರೈವ್‌ಗಳಿಗೆ ಬರೆದಿಟ್ಟಿದ್ದೇನೆ, ಜೊತೆಗೆ ಗುಬ್ಬಿ, ನವಿಲು ಫಾಂಟುಗಳು, ಕನ್ನಡ ಕೀಲಿಮಣೆ. ಸಾಗರದವನು ರಜೆ ಹಾಕಿ ಫೋನಿನಲ್ಲಿ ಜೊತೆಗಿರುತ್ತಾನೆ. ಬಯಾಸ್ ಸೆಟ್ಟಿಂಗಿಗೆ ಹೋಗಲು ಯಾವ ಮಾಡೆಲ್ಲಿನಲ್ಲಿ ಯಾವ ಕೀಲಿ ಒತ್ತಬೇಕು ಎಂಬ ಪಟ್ಟಿಯನ್ನು ಈಗಾಗಲೇ ಕಳಿಸಿದ್ದಾನೆ. ಗದಗಿನವನ ಸಂದೇಶ ನಿನ್ನೆ ಬಂತು: "ಹುಡುಗ್ರನ್ನೂ ಕೂಡಸ್ತೀನಿ. ನೀವು ಬಂದ್ ಹಾಕಬ್ಯಾಡ್ರಿ, ಅವರ ಕೈಲೆ ಹಾಕಸ್ರಿ. ಕೆಡಸಿದ್ರೂ ಅಡ್ಡಿಯಿಲ್ಲ."